ಎಲ್ಲರ ಬಾಯಿಗೂ ಒಂದೇ ಬೀಗ

"ಸ್ಪೀಕರ್ ಹೋಗಿದೆಯಂತಮ್ಮಾ. ಬದಲಾಯಿಸಬೇಕಂತೆ."

ಪಕ್ಕದ ಮನೆ ಮೇಷ್ಟ್ರು ಮಾತು ಶುರು ಮಾಡುವುದೇ ಹೀಗೆ. ಪೀಠಿಕೆ ಇಲ್ಲ, ಏನು ಎತ್ತ ಇಲ್ಲ. ಹೂವು ಬಿಡಿಸಲು ಬಂದವರು ಬುಟ್ಟಿಯನ್ನು ಕಾಂಪೌಂಡಿನ ಮೇಲಿಟ್ಟರೆ ಆಯಿತು, ನಡುವಿನಿಂದಲೇ ಹೊರಟುಬಿಡುತ್ತಾರೆ. ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಟ್ಟು ರಿಟೈರ್ ಆದವರು. ಸರಸ್ವತಿಪುರಂನ ನಮ್ಮ ಬೀದಿಯಲ್ಲಿ ಅವರನ್ನು ಹೆಸರು ಹಿಡಿದು ಕರೆಯುವವನು ಈಗ ಪೋಸ್ಟ್‌ಮ್ಯಾನ್ ಒಬ್ಬನೇ, ಅದೂ ಸಹಿ ಹಾಕಿಸಿಕೊಳ್ಳುವ ಕಾಗದವಿದ್ದರೆ.

"ಯಾರು ಹೇಳಿದ್ದು ಮೇಷ್ಟ್ರೇ?"

"ರಿಪೇರಿ ಅಂಗಡಿ ಹುಡುಗ. ಲ್ಯಾಪ್‌ಟಾಪ್ ತಗೊಂಡು ಹೋಗಿದ್ದೆ. ಅಲ್ಲಿ ಹಾಕಿದರೆ ಚೆನ್ನಾಗೇ ನುಡೀತು. ಆದರೂ ಒಳಗೆ ಲೂಸ್ ಆಗಿರುತ್ತೆ ಸರ್, ಹೊಸದು ಹಾಕಿಸಿಬಿಡಿ ಅಂದ. ಮನೆಗೆ ತಂದು ವೀಣೆ ಹಾಕ್ಕೊಂಡು ಕೂತರೆ, ಸರಿಯಾಗಿ ಮಗಳ ವಿಡಿಯೋ ಕಾಲ್ ಬರೋ ಹೊತ್ತಿಗೆ ಸದ್ದು ಪಾತಾಳಕ್ಕೆ ಇಳಿಯುತ್ತೆ."

"ಮಗಳ ದನಿಯೂ ಇಳಿಯುತ್ತಾ?"

"ಇಲ್ಲಮ್ಮ, ಅವಳದು ಸ್ಪಷ್ಟ. ದೊರೆಸ್ವಾಮಿ ಅಯ್ಯಂಗಾರ್ರು ಮಾತ್ರ ಮಾಯ."

ಗಣಿತದ ಮೇಷ್ಟ್ರ ಬಾಯಲ್ಲಿ ಈ ವಾಕ್ಯ ಬಂದ ಮೇಲೂ ಸ್ಪೀಕರಿನ ಮೇಲಿನ ಅನುಮಾನ ಹೋಗಿರಲಿಲ್ಲ ಅಂದರೆ, ಸ್ಕ್ರೂಡ್ರೈವರ್ ಹಿಡಿದವರ ಮಾತಿಗೆ ನಮ್ಮಲ್ಲಿ ಎಷ್ಟು ಬೆಲೆಯಿದೆ ನೋಡಿ. ಒಂದೇ ಸ್ಪೀಕರಿನಿಂದ ಎರಡು ದನಿ ಬರುತ್ತಿದ್ದು, ಒಂದು ಮಾತ್ರ ಕುಗ್ಗಿದರೆ ತಪ್ಪು ಸ್ಪೀಕರಿನದು ಹೇಗಾದೀತು? ಹಾಗಂತ ನಾನು ಬಾಯಿಬಿಟ್ಟು ಕೇಳಲಿಲ್ಲ. ನನ್ನ ಮುಖ ನೋಡಿ ಅವರಿಗೇ ಹೊಳೆಯಿತು. "ಅರೆ, ಹೌದಲ್ಲ!" ಅಂದವರು ಬುಟ್ಟಿಯಲ್ಲಿದ್ದ ದಾಸವಾಳವನ್ನೆಲ್ಲ ಒಂದು ಸಲ ಮಗುಚಿ ಹಾಕಿದರು.

ಇದು ರೋಗವಲ್ಲ, ವಿಂಡೋಸ್ ತೋರಿಸುವ ಮರ್ಯಾದೆ. ವಿಂಡೋಸ್ 7ರಿಂದ ಈ ಏರ್ಪಾಡು ಇದೆ. ಯಾವುದಾದರೂ ಆಪ್ "ಇದು ಫೋನ್ ಮಾತು" ಎಂದು ವಿಂಡೋಸಿಗೆ ತಿಳಿಸಿ ಸ್ಪೀಕರನ್ನು ತೆಗೆದುಕೊಂಡರೆ, ಉಳಿದ ಸದ್ದುಗಳನ್ನೆಲ್ಲ ಅದು ತಾನಾಗಿಯೇ 80 ಪರ್ಸೆಂಟ್ ಇಳಿಸಿಬಿಡುತ್ತದೆ. ನಾವು ಕೇಳಿಕೊಂಡದ್ದಲ್ಲ, ಮೊದಲಿನಿಂದಲೇ ಹಾಗೆ ಇಟ್ಟು ಕಳಿಸಿರುತ್ತಾರೆ. ದೊಡ್ಡವರು ಫೋನಿನಲ್ಲಿ ಮಾತಾಡುವಾಗ ಮಕ್ಕಳು ಟಿವಿ ಸದ್ದು ತಗ್ಗಿಸಬೇಕು ಅನ್ನುವ ಪದ್ಧತಿ ನಮ್ಮ ಮನೆಗಳಲ್ಲೂ ಇದೆಯಲ್ಲ, ತಕರಾರಿಲ್ಲ. ಆದರೆ ಮಗಳೂ ವೀಣೆ ಕೇಳಲಿ ಅಂತಲೇ ಅಪ್ಪ ಅದನ್ನು ಹಾಕಿ ಕೂತಿರಬಹುದು ಅನ್ನುವುದು ಯಂತ್ರಕ್ಕೆ ಹೇಗೆ ಗೊತ್ತಾಗಬೇಕು?

ಬೇಡವೆಂದರೆ ಸೌಂಡ್ ಪೆಟ್ಟಿಗೆಯ "ಕಮ್ಯುನಿಕೇಶನ್ಸ್" ಅನ್ನುವ ಹಾಳೆ ತೆರೆದು "ಏನೂ ಮಾಡಬೇಡ" ಅನ್ನುವುದರ ಮುಂದೆ ಚುಕ್ಕೆ ಇಡಬೇಕು. ಹೊಸ ವಿಂಡೋಸಿನ ನುಣ್ಣನೆಯ ಸೆಟ್ಟಿಂಗ್ಸಿನಲ್ಲಿ ಆ ಹಾಳೆ ಎದುರಿಗೆ ಸಿಗುವುದಿಲ್ಲ. ಹಳೇ ಕಂಟ್ರೋಲ್ ಪ್ಯಾನೆಲ್ಲಿನ ಸಾಮಾನು ಅದು, ಅಟ್ಟದ ಮೇಲಿದೆ. ಅಡ್ಡದಾರಿ ಬೇಕಾದರೆ ವಿಂಡೋಸ್ ಕೀ ಹಿಡಿದು ಆರ್ ಒತ್ತಿ, ಬಂದ ಪುಟ್ಟ ಪೆಟ್ಟಿಗೆಯಲ್ಲಿ ಒಂದು ಹೆಸರು ಬರೆಯಬೇಕು. ಮೇಷ್ಟ್ರು ಜೇಬಿನಿಂದ ಪೆನ್ನು ತೆಗೆದು ಅಂಗೈ ಮೇಲೆ ಬರೆದುಕೊಂಡರು. ಎರಡು ಎಂ, ಒಂದು ಎಸ್, ಒಂದು ವೈ, ಮತ್ತೊಂದು ಎಸ್. ಚುಕ್ಕೆ. ಸಿ, ಪಿ, ಎಲ್.

"ಇಷ್ಟು ಬರೆದರೆ ವೀಣೆ ಬರುತ್ತಾ?"

"ಬರುತ್ತೆ. ಕೈ ಮಾತ್ರ ತೊಳ್ಕೋಬೇಡಿ."

ವೀಣೆ ಬಂತು. ಬಂದ ಮೇಲೆ ಹೊಸ ರಗಳೆ ಹುಟ್ಟಿತು. ಈಗ ಮಗಳೂ ವೀಣೆಯೂ ಸರಿಸಮ. ತಾನ ಬಿರುಸಾದರೆ ಮಗಳ ಮಾತು ಮುಳುಗುತ್ತದೆ, ವಾಲ್ಯೂಮ್ ಇಳಿಸಿದರೆ ಇಬ್ಬರೂ ಒಟ್ಟಿಗೆ ಇಳಿಯುತ್ತಾರೆ. 80 ಪರ್ಸೆಂಟ್ ಅತಿಯಾಯಿತು, ಸೊನ್ನೆ ಕಡಿಮೆಯಾಯಿತು. ಮಾರನೆಯ ಬೆಳಿಗ್ಗೆ ಬುಟ್ಟಿ ಕಾಂಪೌಂಡಿನ ಮೇಲೆ ಕೂತಿತು, ಮೇಷ್ಟ್ರು ಕೇಳಿದರು: "ಅಲ್ಲಮ್ಮ, ಈ ವಾಲ್ಯೂಮ್ ಕೀಗೆ ಯಾರನ್ನ ತಗ್ಗಿಸಬೇಕು ಅಂತ ಹೇಳೋಕೆ ಆಗಲ್ವಾ?"

ಇದು ನನ್ನ ಬಹುಕಾಲದ ಸಿಟ್ಟಿನ ವಿಷಯ. ಹಾಗಾಗಿ ಅವತ್ತು ನಮ್ಮ ಮನೆ ತಿಂಡಿ ತಡವಾಯಿತು.

ನಾನು ಮಾಡುವುದು ಧ್ವನಿಮುದ್ರಣ ಕೇಳಿ ಬರೆದುಕೊಡುವ ಕೆಲಸ. ಸಂದರ್ಶನ, ಭಾಷಣ, ಹಳ್ಳಿಯ ಹಿರಿಯರ ನೆನಪು, ಯಾರು ಏನು ಕೊಟ್ಟರೂ ಸರಿ. ಕಾಲಿನ ಕೆಳಗೆ ಪೆಡಲ್ ಇರುತ್ತದೆ, ಅದನ್ನು ಒತ್ತಿದರೆ ದನಿ ಓಡುತ್ತದೆ, ಬಿಟ್ಟರೆ ನಿಲ್ಲುತ್ತದೆ. ಕೈ ಎರಡೂ ಕೀಬೋರ್ಡಿನ ಮೇಲೆ. ಮೌಸ್ ಮುಟ್ಟಿದರೆ ಲಯ ತಪ್ಪಿತು ಅಂತಲೇ ಲೆಕ್ಕ. ಈ ಅಜ್ಜಿಯರಿದ್ದಾರಲ್ಲ, ಮುಖ್ಯವಾದ ಮಾತು ಬರುವಾಗಲೇ ದನಿ ತಗ್ಗಿಸುತ್ತಾರೆ. ಅತ್ತೆಯ ಹೆಸರು, ಗದ್ದೆ ಹೋದ ಕಾರಣ, ಎಲ್ಲ ಪಿಸುಮಾತಿನಲ್ಲೇ. ಮೈಕು ಹಿಡಿದವರು ದೂರ ಕೂತಿರುತ್ತಾರೆ, ಹಿಂದೆ ಬಸ್ಸು ಹೋಗುತ್ತಿರುತ್ತದೆ. ನಾವು ಹೆಡ್‌ಫೋನಿನ ವಾಲ್ಯೂಮನ್ನು ಕೊನೆಯವರೆಗೂ ಏರಿಸಿ, ಉಸಿರು ಬಿಗಿಹಿಡಿದು, ಆ ಒಂದು ಪದಕ್ಕೆ ಕಿವಿ ಕೊಟ್ಟು ಕೂತಿರುವಾಗ ಯಾರದೋ ಇಮೇಲ್ ಬಂದು "ಟಣ್" ಅನ್ನುತ್ತದೆ. ಅಜ್ಜಿಯ ದನಿಗೆಂದು ಏರಿಸಿದ ಅಷ್ಟೂ ಜೋರು ಆ ಟಣ್‌ಗೂ ಸಿಕ್ಕಿರುತ್ತದೆ. ಕಿವಿಯ ಪೊರೆ ಇನ್ನೂ ನೆಟ್ಟಗಿದೆಯೇ ಅಂತ ಮುಟ್ಟಿ ನೋಡಿಕೊಳ್ಳಬೇಕು. ನನಗೆ ಬೇಕಾಗಿದ್ದುದು ಒಟ್ಟು ಸದ್ದು ಹೆಚ್ಚಾಗುವುದಲ್ಲ, ಅಜ್ಜಿ ಒಬ್ಬರ ದನಿ ಹೆಚ್ಚಾಗುವುದು.

"ಹಾಗಾದರೆ ಕೀಬೋರ್ಡ್ ಮಾಡಿದವರಿಗೆ ಅಷ್ಟೂ ತೋಚಲಿಲ್ವೇ?" ಅಂದರು ಮೇಷ್ಟ್ರು.

ಕೀಬೋರ್ಡನ್ನು ಬೈದು ಪ್ರಯೋಜನವಿಲ್ಲ. ಅದಕ್ಕೆ ಸದ್ದಿನ ಗಂಧಗಾಳಿಯೂ ಇಲ್ಲ. ವಾಲ್ಯೂಮ್ ಕೀ ಒತ್ತಿದರೆ ಕಂಪ್ಯೂಟರಿಗೆ ಒಂದು ಅಂಕಿ ಕಳಿಸುತ್ತದೆ, ಅಲ್ಲಿಗೆ ಅದರ ಕೆಲಸ ಮುಗಿಯಿತು. ಯುಎಸ್‌ಬಿ ಕೀಬೋರ್ಡಿನವರೆಲ್ಲ ಒಪ್ಪಿಕೊಂಡಿರುವ ಪಟ್ಟಿಯಲ್ಲಿ ಏರಿಸು ಅನ್ನುವುದಕ್ಕೆ ಇ9, ಇಳಿಸು ಅನ್ನುವುದಕ್ಕೆ ಇಎ, ಬಾಯಿ ಮುಚ್ಚಿಸು ಅನ್ನುವುದಕ್ಕೆ ಇ2. ಹದಿನಾರರ ಆಧಾರದ ಸಂಖ್ಯೆಗಳು ಎಂದದ್ದೇ ತಡ, ಮೇಷ್ಟ್ರು ಕಣ್ಣು ಮುಚ್ಚಿ "ಇ ಅಂದರೆ 14, ಹದಿನಾರು ಹದಿನಾಲ್ಕಲೆ 224, ಅದಕ್ಕೆ 9... 233. ಆಮೇಲೆ 234. ಕೊನೇದು 226" ಎಂದು ಬಾಯಲ್ಲೇ ಒಪ್ಪಿಸಿಬಿಟ್ಟರು. ಸರಿಯಾಗಿಯೇ ಇತ್ತು. ಈ 233 ಬಂದಾಗ ಯಾರ ದನಿ ಏರಿಸಬೇಕು ಅನ್ನುವುದನ್ನು ತೀರ್ಮಾನಿಸುವುದು ಆಪರೇಟಿಂಗ್ ಸಿಸ್ಟಂ. ಅದು ಯಾವತ್ತೂ ಹಿಡಿಯುವುದು ಒಟ್ಟು ಸದ್ದಿನ ಕಿವಿಯನ್ನೇ. ವಿಂಡೋಸಿನಲ್ಲಿ ಒಂದು ಸಲ ಒತ್ತಿದರೆ ನೂರರಲ್ಲಿ ಎರಡು ಅಂಶ ಏರುತ್ತದೆ ಅಥವಾ ಇಳಿಯುತ್ತದೆ, ಎಲ್ಲರಿಗೂ ಸೇರಿಸಿ.

ಒಂದು ಕಾಲಕ್ಕೆ ಅದು ಸರಿಯಾಗಿಯೇ ಇತ್ತೆನ್ನಿ. 1935ರಲ್ಲಿ ಪ್ರೊಫೆಸರ್ ಗೋಪಾಲಸ್ವಾಮಿಯವರು ತಮ್ಮ ಮನೆಯಲ್ಲೇ ರೇಡಿಯೋ ಕೇಂದ್ರ ನಡೆಸಿದ ಊರು ನಮ್ಮದು. ರೇಡಿಯೋ ಪೆಟ್ಟಿಗೆಗೆ ಒಂದು ತಿರುಪು ಸಾಕು, ಯಾಕೆಂದರೆ ಒಂದು ಹೊತ್ತಿಗೆ ಒಂದೇ ಸ್ಟೇಷನ್ನು. ಟಿವಿಗೂ ಅದೇ ಸಾಕಾಯಿತು. ಕಂಪ್ಯೂಟರಿಗೆ ಬಂದಾಗಲೂ ಅದೇ ತಿರುಪು ಬಂತು. ವಿಂಡೋಸ್ ಎಕ್ಸ್‌ಪಿಯಲ್ಲಿ ಗಡಿಯಾರದ ಪಕ್ಕದ ಸ್ಪೀಕರ್ ಚಿತ್ರದ ಮೇಲೆ ಎರಡು ಸಲ ಒತ್ತಿದರೆ ಒಂದು ಸಾಲು ಜಾರುಗುಂಡಿ ತೆರೆದುಕೊಳ್ಳುತ್ತಿದ್ದವು, ನೆನಪಿರಬಹುದು. ವೇವ್, ಸಿಡಿ ಪ್ಲೇಯರ್, ಲೈನ್ ಇನ್ ಅಂತ ಅವುಗಳಿಗೆ ಹೆಸರು. ಅವೆಲ್ಲ ಸೌಂಡ್ ಕಾರ್ಡಿನ ತೂತುಗಳ ಲೆಕ್ಕ. ಹಾಡುವ ಪ್ರೋಗ್ರಾಂ ಯಾವುದು, ಮಾತಾಡುವ ಪ್ರೋಗ್ರಾಂ ಯಾವುದು ಎಂಬ ವಿವೇಚನೆ ಅದಕ್ಕಿರಲಿಲ್ಲ. ಆ ವಿವೇಚನೆ ಬಂದದ್ದು 2007ರ ಜನವರಿಯಲ್ಲಿ ಅಂಗಡಿಗೆ ಬಂದ ವಿಂಡೋಸ್ ವಿಸ್ತಾದಲ್ಲಿ. ಜನ ವಿಸ್ತಾವನ್ನು ಬೈದದ್ದೇ ಬೈದದ್ದು, ಅದರಲ್ಲಿದ್ದ ಈ ಒಂದು ಒಳ್ಳೆಯ ಗುಣವನ್ನು ಹೊಗಳಿದವರನ್ನು ನಾನು ನೋಡಿಲ್ಲ. ಒಂದೊಂದು ಆಪ್‌ಗೂ ಒಂದೊಂದು ಜಾರುಗುಂಡಿ ಬಂತು. ಲಿನಕ್ಸಿನವರಿಗೂ ಹೆಚ್ಚುಕಡಿಮೆ ಅದೇ ಹೊತ್ತಿಗೆ ಪಲ್ಸ್‌ಆಡಿಯೋ ಬಂದು ಇದೇ ಸೌಕರ್ಯ ಕೊಟ್ಟಿತು. ಮ್ಯಾಕಿನವರು ಮಾತ್ರ ವರ್ಷಗಟ್ಟಲೆ ಇದಕ್ಕೆ ಹೊರಗಿನವರ ಮುಖ ನೋಡಿದರು. ಸೌಂಡ್‌ಸೋರ್ಸ್ ಅನ್ನುವುದಕ್ಕೆ ದುಡ್ಡು ಕೊಡಬೇಕು, ಬ್ಯಾಕ್‌ಗ್ರೌಂಡ್ ಮ್ಯೂಸಿಕ್ ಅನ್ನುವುದು ಪುಕ್ಕಟೆ.

ಜಾರುಗುಂಡಿ ಬಂತು, ಕೀ ಬರಲಿಲ್ಲ. ನನ್ನ ಸಿಟ್ಟಿರುವುದೇ ಇಲ್ಲಿ. 2007ರಿಂದ ಕಂಪ್ಯೂಟರಿಗೆ ಪ್ರತಿ ಆಪಿನ ದನಿಯೂ ಬೇರೆ ಬೇರೆಯಾಗಿ ಗೊತ್ತು. ಆದರೂ ಕೀ ಒತ್ತಿದರೆ ಎಲ್ಲರ ಬಾಯಿಗೂ ಒಂದೇ ಬೀಗ. ನಮ್ಮ ಕಿಸೆಯ ಆಂಡ್ರಾಯ್ಡ್ ಫೋನಿಗೆ ಇದಕ್ಕಿಂತ ಬುದ್ಧಿಯಿದೆ. ಅದರಲ್ಲಿ ರಿಂಗಿನ ದನಿ ಬೇರೆ, ಹಾಡಿನದು ಬೇರೆ, ಅಲಾರಂ ಬೇರೆ, ಕರೆಯ ಮಾತು ಬೇರೆ. ಮಾತಾಡುವಾಗ ಪಕ್ಕದ ಗುಂಡಿ ಒತ್ತಿದರೆ ಮಾತಿನ ದನಿ ಏರುತ್ತದೆ, ಹಾಡು ಕೇಳುವಾಗ ಒತ್ತಿದರೆ ಹಾಡಿನದು. ಅದೇ ಗುಂಡಿ, ಸಂದರ್ಭ ನೋಡಿ ಕೆಲಸ. ಇಷ್ಟು ದೊಡ್ಡ ಕೀಬೋರ್ಡು, ನೂರು ಚಿಲ್ಲರೆ ಕೀ ಇಟ್ಟುಕೊಂಡ ಲ್ಯಾಪ್‌ಟಾಪಿಗೆ ಇದು ಕಷ್ಟವೇ?

"ವಿಂಡೋಸ್‌ನಲ್ಲಿ ಏನೂ ದಾರಿ ಇಲ್ಲ ಅನ್ನು."

ಇಲ್ಲದೇನಿಲ್ಲ. ವಿಂಡೋಸ್ 11ರಲ್ಲಿ ವಿಂಡೋಸ್, ಕಂಟ್ರೋಲ್, ವಿ ಮೂರನ್ನೂ ಒಟ್ಟಿಗೆ ಒತ್ತಿದರೆ ಆ ಜಾರುಗುಂಡಿಗಳ ಮಿಕ್ಸರ್ ಮೂಲೆಯಲ್ಲಿ ತೆರೆದುಕೊಳ್ಳುತ್ತದೆ. ಟ್ಯಾಬ್ ಒತ್ತುತ್ತ ಬೇಕಾದ ಆಪಿನವರೆಗೆ ಹೋಗಿ, ಬಾಣದ ಕೀಯಿಂದ ಏರಿಸಿ ಇಳಿಸಬಹುದು. ಮೌಸ್ ಬೇಡ. ಆದರೆ ಅಷ್ಟು ದೂರ ಟ್ಯಾಬಿನ ಮೆಟ್ಟಿಲು ಹತ್ತುವ ಹೊತ್ತಿಗೆ ಅಜ್ಜಿ ಗದ್ದೆಯ ಕಥೆ ಮುಗಿಸಿ ಎಲೆ ಅಡಿಕೆಗೆ ಕೈ ಹಾಕಿರುತ್ತಾರೆ. ಇನ್ನೊಂದು ದಾರಿ, ಆಪಿನ ಸ್ವಂತ ಕೀಗಳು. ವಿಎಲ್‌ಸಿಯಲ್ಲಿ ಕಂಟ್ರೋಲ್ ಹಿಡಿದು ಮೇಲಿನ ಬಾಣ ಒತ್ತಿದರೆ ಅದರ ದನಿ ಮಾತ್ರ ಏರುತ್ತದೆ. ಯೂಟ್ಯೂಬಿನಲ್ಲಿ ಬರೀ ಬಾಣ ಸಾಕು, ಎಂ ಒತ್ತಿದರೆ ಮೌನ. ಫೈರ್‌ಫಾಕ್ಸಿನಲ್ಲಿ ಕಂಟ್ರೋಲ್ ಎಂ ಅಂದರೆ ಆ ಟ್ಯಾಬಿನ ಬಾಯಿ ಬಂದ್. ಎಲ್ಲ ಚೆನ್ನ, ಒಂದೇ ತೊಡಕು: ಎದುರಿಗಿರುವ ಕಿಟಕಿಗೆ ಮಾತ್ರ ಈ ಕೀಗಳು ಹೋಗುತ್ತವೆ. ನಾನು ಬರೆಯುತ್ತಿರುವುದು ವರ್ಡಿನಲ್ಲಿ, ಅಜ್ಜಿ ಇರುವುದು ವಿಎಲ್‌ಸಿಯಲ್ಲಿ. ವರ್ಡಿನಲ್ಲಿ ಕೂತು ಕಂಟ್ರೋಲ್ ಬಾಣ ಒತ್ತಿದರೆ ಅಜ್ಜಿಗೆ ಕೇಳಿಸುವುದಿಲ್ಲ, ಕರ್ಸರ್ ಹಿಂದಿನ ಪ್ಯಾರಾಕ್ಕೆ ಹಾರುತ್ತದೆ. ಅದಕ್ಕೆಂದೇ ವಿಎಲ್‌ಸಿಯ ಸೆಟ್ಟಿಂಗಿನಲ್ಲಿ "ಗ್ಲೋಬಲ್" ಅಂತ ಬೇರೆ ಕೀ ಕಂಬ ಒಂದಿದೆ. ಅಲ್ಲಿ ಬರೆದ ಕೀಗಳನ್ನು ಯಾವ ಕಿಟಕಿ ಎದುರಿಗಿದ್ದರೂ ವಿಂಡೋಸ್ ಹಿಡಿದು ವಿಎಲ್‌ಸಿಗೆ ತಲುಪಿಸುತ್ತದೆ. ನನ್ನ ಅನ್ನ ನಡೆಯುತ್ತಿರುವುದು ಈ ಕಂಬದಿಂದ. ಆದರೆ ಎಲ್ಲ ಆಪಿನವರೂ ಇಂಥ ಕಂಬ ನೆಟ್ಟಿಲ್ಲವಲ್ಲ.

ಮೇಷ್ಟ್ರಿಗೆ ಇಲ್ಲಿ ತಮ್ಮ ಹಳೇ ಶಿಷ್ಯನೊಬ್ಬ ನೆನಪಾದ. ಬ್ಯಾಂಕಿನಲ್ಲಿ ಕೆಲಸ, ಹುಟ್ಟಿನಿಂದ ಕಣ್ಣು ಕಾಣುವುದಿಲ್ಲ. ಕಂಪ್ಯೂಟರ್ ಅವನಿಗೆ ಓದಿ ಹೇಳುತ್ತದೆ. ಎನ್‌ವಿಡಿಎ ಅನ್ನುವ ಪ್ರೋಗ್ರಾಂ ಅದು. ಆಸ್ಟ್ರೇಲಿಯಾದ ಮೈಕೆಲ್ ಕರನ್ 2006ರಲ್ಲಿ ಶುರು ಮಾಡಿದ್ದು, ಆಮೇಲೆ ಜೇಮ್ಸ್ ಟೆಹ್ ಜೊತೆಯಾದರು. ಇಬ್ಬರಿಗೂ ಕಣ್ಣು ಕಾಣುವುದಿಲ್ಲ. ಕಾಸು ಕೊಡಬೇಕಾಗಿಲ್ಲ, ಕನ್ನಡವನ್ನೂ ಓದುತ್ತದೆ, ಸ್ವಲ್ಪ ಲೋಹದ ಗಂಟಲಿನಲ್ಲಿ.

"ಅವನ ಕೈಯಲ್ಲಿ ಮೌಸೇ ಇಲ್ಲಮ್ಮ," ಅಂದರು ಮೇಷ್ಟ್ರು. "ಎಲ್ಲ ಕೀಬೋರ್ಡೇ. ಒಂದು ಸಲ ಮನೆಗೆ ಬಂದಿದ್ದ. ಒಂದು ಕಡೆ ಮೀಟಿಂಗ್ ನಡೀತಿದೆ, ಮ್ಯಾನೇಜರ್ ಮಾತಾಡ್ತಿದಾರೆ. ಇನ್ನೊಂದು ಕಡೆ ಇವನು ಫೈಲ್ ಓದಿಸ್ತಿದಾನೆ. ಎರಡೂ ಒಂದೇ ಹೆಡ್‌ಫೋನ್‌ನಲ್ಲಿ! ನನಗೆ ಕೊಟ್ಟ, ಕಿವಿಗೆ ಇಟ್ಟುಕೊಂಡೆ, ತಲೆ ತಿರುಗ್ತು. ಎಡಗಿವೀಲಿ ಓದೋನು, ಬಲಗಿವೀಲಿ ಮ್ಯಾನೇಜರು."

ಅದು 2024ರಲ್ಲಿ ಎನ್‌ವಿಡಿಎಗೆ ಸೇರಿಸಿದ ಸೌಕರ್ಯ. ಎನ್‌ವಿಡಿಎ ಕೀ ಅಂದರೆ ಸಾಮಾನ್ಯವಾಗಿ ಇನ್ಸರ್ಟ್. ಅದನ್ನು ಹಿಡಿದು ಆಲ್ಟ್ ಮತ್ತು ಎಸ್ ಒತ್ತಿದರೆ ಓದುವ ದನಿ ಒಂದು ಕಿವಿಗೆ, ಉಳಿದ ಆಪ್‌ಗಳೆಲ್ಲ ಇನ್ನೊಂದು ಕಿವಿಗೆ. ಇನ್ಸರ್ಟ್, ಶಿಫ್ಟ್, ಡಿ ಒತ್ತಿದರೆ ಓದುವಾಗ ಮಾತ್ರ ಉಳಿದವರು ತಗ್ಗಬೇಕೋ, ಯಾವಾಗಲೂ ತಗ್ಗಿರಬೇಕೋ, ತಗ್ಗಲೇ ಬಾರದೋ ಅನ್ನುವುದನ್ನು ಆಯ್ದುಕೊಳ್ಳಬಹುದು. ಶಿಷ್ಯ ಮೇಷ್ಟ್ರಿಗೆ ಹೇಳಿದನಂತೆ: "ನೀವು ಎರಡು ಪುಸ್ತಕ ಪಕ್ಕಪಕ್ಕ ತೆರೆದಿಟ್ಟುಕೊಂಡು ಒಂದರಿಂದ ಇನ್ನೊಂದಕ್ಕೆ ಕಣ್ಣು ಹಾಯಿಸ್ತೀರಲ್ಲ ಸಾರ್, ನನಗೆ ಇವೆರಡು ಕಿವಿ ಹಾಗೆ." ಕಣ್ಣಿರುವ ನಾವು ದನಿಯನ್ನು ಹಿನ್ನೆಲೆ ಅಂದುಕೊಂಡಿದ್ದೇವೆ. ತಗ್ಗಿಸಲು ಕೀ ಇಲ್ಲದಿದ್ದರೆ ಮೌಸ್ ಹಿಡಿದು ಎಳೆದರಾಯಿತು, ಕಿರಿಕಿರಿ ಅಷ್ಟೇ. ಆ ಹುಡುಗನಿಗೆ ಜಾರುಗುಂಡಿ ಕಾಣುವುದೇ ಇಲ್ಲ. ಅವನಿಗೆ ಕೀ ಇಲ್ಲ ಅಂದರೆ ದಾರಿಯೇ ಇಲ್ಲ. ಈ ಕೀಗಳ ವಿಷಯದಲ್ಲಿ ದೊಡ್ಡ ಕಂಪನಿಗಳಿಗಿಂತ ಆ ಇಬ್ಬರು ಆಸ್ಟ್ರೇಲಿಯಾದವರು ಮುಂದೆ ಹೋದದ್ದು ಆಕಸ್ಮಿಕವಲ್ಲ ಅಂತ ನನ್ನ ಎಣಿಕೆ.

"ಸರಿ, ನನಗೇನು ದಾರಿ ಹೇಳು. ವೀಣೆಗೆ ಒಂದು ಕೀ ಬೇಕು."

ಎಲ್ಲ ಬಲ್ಲವರು ಇದಕ್ಕೆ ಆಟೋಹಾಟ್‌ಕೀ ಅನ್ನುತ್ತಾರೆ. 2003ರಲ್ಲಿ ಕ್ರಿಸ್ ಮ್ಯಾಲೆಟ್ ಹುಟ್ಟುಹಾಕಿದ್ದು. ಯಾವ ಕೀಗೆ ಯಾವ ಕೆಲಸವನ್ನಾದರೂ ಅಂಟಿಸಬಹುದು, ಪುಟ್ಟದೊಂದು ಪ್ರೋಗ್ರಾಂ ಬರೆಯಬೇಕು. ಆಟವಾಡುವ ಹುಡುಗರು ಇನ್ನೂ ಒಂದು ಹೆಜ್ಜೆ ಮುಂದೆ. ವಿಂಡೋಸಿಗೆ ಎಫ್ 24ರವರೆಗೂ ಕೀ ಗೊತ್ತು, ನಮ್ಮ ಕೀಬೋರ್ಡಿನಲ್ಲಿರುವುದು 12. ಉಳಿದ ಹನ್ನೆರಡು ಹಿಂದಿನ ಐಬಿಎಂ ಟರ್ಮಿನಲ್ ಕೀಬೋರ್ಡುಗಳಲ್ಲಿ ನಿಜವಾಗಿಯೂ ಇದ್ದವು. ತಿರುಪು ಇರುವ ಪುಟ್ಟ ಕೀಬೋರ್ಡ್ ತಂದು, ಅದು ಎಫ್ 13, ಎಫ್ 14 ಎಂದು ಕಳಿಸುವಂತೆ ಮಾಡಿದರೆ ಬೇರೆ ಯಾವ ಕೆಲಸಕ್ಕೂ ಅಡ್ಡಬಾರದ ಕೀ ಸಿಕ್ಕಂತಾಯಿತು. ಹಿಂದಿನ ಬೀದಿಯ ಇಂಜಿನಿಯರಿಂಗ್ ಹುಡುಗ ಕೀಬೋರ್ಡನ್ನೇ ಬಿಟ್ಟು ಡೀಜ್ ಅನ್ನುವ ಮುಕ್ತ ಯೋಜನೆ ನೋಡಿಕೊಂಡು ಪೆಟ್ಟಿಗೆ ಮಾಡಿದ್ದಾನೆ. ಬೆಂಗಳೂರಿನ ಎಸ್‌ಪಿ ರೋಡಿನಲ್ಲಿ ಜಾರುಗುಂಡಿಗಳನ್ನೂ ಆರ್ಡುಯಿನೋ ಬೋರ್ಡನ್ನೂ ತಂದು, ಮಿಠಾಯಿ ಡಬ್ಬಿಗೆ ಸೀಳು ಕೊರೆದು ಕೂರಿಸಿದ್ದಾನೆ. ಒಂದೊಂದು ಗುಂಡಿ ಎಷ್ಟು ದೂರ ಜಾರಿದೆ ಅನ್ನುವುದನ್ನು ಬೋರ್ಡು 0ಯಿಂದ 1023ರವರೆಗಿನ ಅಂಕಿಯಾಗಿ ಓದಿ ಕಂಪ್ಯೂಟರಿಗೆ ಒಪ್ಪಿಸುತ್ತದೆ. ಮೊದಲನೆಯದು ಆಟಕ್ಕೆ, ಎರಡನೆಯದು ಗೆಳೆಯರ ಹರಟೆಗೆ, ಮೂರನೆಯದು ಹಾಡಿಗೆ. ಮೇಷ್ಟ್ರು ಅದನ್ನು ನೋಡಿಬಂದಿದ್ದರು. ಗುಂಡಿ ಎಲ್ಲಿದೆ ಅಂತ ಮುಟ್ಟಿದರೇ ಗೊತ್ತಾಗುತ್ತದೆ, ಆ ಸುಖ ಕೀಗೆ ಇಲ್ಲ, ಒಪ್ಪುತ್ತೇನೆ. ಆದರೆ ಕೈ ಕೀಬೋರ್ಡ್ ಬಿಟ್ಟು ಹೋಗಬೇಕಲ್ಲ? ಮೌಸಿನ ದೋಷವೇ ಮಿಠಾಯಿ ಡಬ್ಬಿಯಲ್ಲಿ ಬಂದು ಕೂತಿದೆ ಅಷ್ಟೇ. ಹುಡುಗನ ಮುಂದೆ ಇದನ್ನು ಹೇಳಲಿಲ್ಲ. ಬೆಸುಗೆ ಚೆನ್ನಾಗಿ ಹಾಕಿದ್ದ.

ಮೇಷ್ಟ್ರಿಗೆ ನಾನು ಹೇಳಿದ್ದು ಬಡವರ ದಾರಿ. ನಿರ್ ಸೋಫರ್ ಎಂಬವರು ಬರೆದ ನಿರ್‌ಸಿಎಂಡಿ ಎಂಬ ಚಿಕ್ಕ ಉಪಕರಣವಿದೆ, ಪುಕ್ಕಟೆ. "ಚೇಂಜ್ ಆಪ್ ವಾಲ್ಯೂಮ್" ಎಂದು ಕೂಡಿಸಿ ಬರೆದು, ಆಪಿನ ಹೆಸರು ಕೊಟ್ಟು, ಎಷ್ಟು ಏರಿಸಬೇಕು ಇಳಿಸಬೇಕು ಅನ್ನುವ ದಶಮಾಂಶ ಬರೆದರೆ, ಆ ಆಪಿನ ದನಿ ಮಾತ್ರ ಅಷ್ಟು ಅಲ್ಲಾಡುತ್ತದೆ. ಆ ಸಾಲನ್ನು ಡೆಸ್ಕ್‌ಟಾಪಿನ ಮೇಲೆ ಶಾರ್ಟ್‌ಕಟ್ಟಾಗಿ ಇಡುವುದು. ಶಾರ್ಟ್‌ಕಟ್ಟಿನ ಪ್ರಾಪರ್ಟೀಸ್ ತೆರೆದರೆ "ಶಾರ್ಟ್‌ಕಟ್ ಕೀ" ಎಂಬ ಖಾಲಿ ಜಾಗ ಇರುತ್ತದೆ. ಎಷ್ಟೋ ಜನ ಅದನ್ನು ನೋಡಿಯೂ ಇರುವುದಿಲ್ಲ. ಅಲ್ಲಿ ಕರ್ಸರ್ ಇಟ್ಟು 1 ಒತ್ತಿದರೆ ವಿಂಡೋಸ್ ತಾನೇ ಕಂಟ್ರೋಲ್, ಆಲ್ಟ್, 1 ಎಂದು ತುಂಬಿಕೊಳ್ಳುತ್ತದೆ. ಮುಗಿಯಿತು. ಒತ್ತಿದ ಮೇಲೆ ಅರೆಗಳಿಗೆ ಯೋಚಿಸಿ ಕೆಲಸ ಮಾಡಿದರೂ ಮಾಡುತ್ತದೆ.

ಮೂರು ದಿನ ಬುಟ್ಟಿ ಬರಲಿಲ್ಲ. ನಾಲ್ಕನೆಯ ದಿನ ಬಂದವರು ನನ್ನನ್ನೇ ತರಾಟೆಗೆ ತೆಗೆದುಕೊಂಡರು.

"ನೀನು ಹೇಳಿದ ಲೆಕ್ಕ ತಪ್ಪಮ್ಮ. ಒಂದು ಸಲಕ್ಕೆ 0.1 ಇಳಿಸು ಅಂದೆ. ಒಂದರಿಂದ 0.9ಕ್ಕೆ ಬಂದರೆ ಯಾರಿಗೂ ಗೊತ್ತಾಗಲ್ಲ. 0.2ರಿಂದ 0.1ಕ್ಕೆ ಬಂದರೆ ದಬಕ್ ಅಂತ ಬಿದ್ದುಹೋಗುತ್ತೆ. ಕಿವಿ ಕೇಳೋದು ವ್ಯತ್ಯಾಸಾನಲ್ಲ, ಅನುಪಾತಾನ. ಇಲ್ಲಿ ಸಮಾಂತರ ಶ್ರೇಢಿ ನಡೆಯಲ್ಲ, ಗುಣೋತ್ತರ ಶ್ರೇಢಿ ಬೇಕು."

ಡೆಸಿಬೆಲ್ ಅನ್ನುವ ಅಳತೆ ಕಿವಿಯ ಈ ಸ್ವಭಾವಕ್ಕೆ ಚೆನ್ನಾಗಿ ಹೊಂದುತ್ತದೆ. ಸದ್ದಿನ ಶಕ್ತಿಯನ್ನು ಹತ್ತರಲ್ಲಿ ಒಂದು ಪಾಲು ಮಾಡಿದರೆ ಅಳತೆಯಲ್ಲಿ 10 ಡೆಸಿಬೆಲ್ ಇಳಿಯುತ್ತದೆ, ನಮ್ಮ ಕಿವಿಗೆ ಸುಮಾರು ಅರ್ಧ ಆಯಿತು ಅನ್ನಿಸುತ್ತದೆ. ಲಾಗರಿದಂ ಪುಸ್ತಕವನ್ನು ತಲೆದಿಂಬಾಗಿ ಇಟ್ಟುಕೊಂಡು ಬದುಕಿದವರಿಗೆ ಇದನ್ನು ನಾನು ಹೇಳಿಕೊಡಬೇಕಾಗಿರಲಿಲ್ಲ. ಅವರು ಚೇಂಜ್ ಬಿಟ್ಟು ಅದೇ ಉಪಕರಣದ "ಸೆಟ್ ಆಪ್ ವಾಲ್ಯೂಮ್" ಹಿಡಿದಿದ್ದರು. ಏರಿಸು ಇಳಿಸು ಅನ್ನುವ ತಂಟೆಯೇ ಇಲ್ಲ, ಇಂತಿಷ್ಟಕ್ಕೆ ಬಂದು ನಿಲ್ಲು ಅನ್ನುವುದು. ಕಂಟ್ರೋಲ್ ಆಲ್ಟ್ 1 ಅಂದರೆ ಪೂರ್ತಿ, 2 ಅಂದರೆ 0.5, 3 ಅಂದರೆ 0.25, 4 ಅಂದರೆ 0.125. ಪ್ರತಿ ಕೀಗೂ ಅರ್ಧರ್ಧ. ಕಿವಿಗೆ ನಾಲ್ಕೂ ಸಮನಾದ ಮೆಟ್ಟಿಲು.

"ಮಗಳು ಮಾತಾಡುವಾಗ 3. ಅವಳು ಕೇಳಿಸ್ಕೊಳ್ಳುವಾಗ 2. ಮೊಮ್ಮಗ ಬಂದರೆ 4, ಅವನಿಗೆ ಇದೆಲ್ಲ ಬೇಡ."

ವರ್ಷಗಟ್ಟಲೆ ಈ ಕೀಗಳ ಜೊತೆ ಬಾಳಿದ ನನಗೆ ಹೊಳೆಯದಿದ್ದ ಉಪಾಯ. ಅವತ್ತೇ ಒಳಗೆ ಹೋಗಿ ನನ್ನವನ್ನೂ ಹಾಗೆ ಬದಲಾಯಿಸಿಕೊಂಡೆ. ಈಗ ಕೆಲಸಕ್ಕೆ ಕೂತಾಗ ಇಮೇಲಿನ ಆಪ್ ಯಾವಾಗಲೂ 0.125ರಲ್ಲೇ ಬಿದ್ದಿರುತ್ತದೆ. ಟಣ್ ಅಂದರೂ ಯಾರೋ ಆಚೆ ಬೀದಿಯಲ್ಲಿ ಲೋಟ ಇಟ್ಟರು ಅಷ್ಟೇ.

ಒಂದು ತೊಡಕು ಮಾತ್ರ ಉಳಿದಿತ್ತು. ಮೇಷ್ಟ್ರು ವೀಣೆ ಹಾಕುವುದು ಕ್ರೋಮಿನಲ್ಲಿ. ಅವರ ಮನೆಯವರು ರಾತ್ರಿ ತಪ್ಪಿಹೋದ ಧಾರಾವಾಹಿಯನ್ನು ಮಧ್ಯಾಹ್ನ ನೋಡುವುದೂ ಅದೇ ಕ್ರೋಮಿನ ಇನ್ನೊಂದು ಟ್ಯಾಬಿನಲ್ಲಿ. ಮಿಕ್ಸರಿನ ಕಣ್ಣಿಗೆ ಕ್ರೋಮ್ ಅಂದರೆ ಒಂದೇ ಆಪ್. ಒಳಗೆ ಎಷ್ಟು ಟ್ಯಾಬಿದ್ದರೂ ಎಲ್ಲಕ್ಕೂ ಸೇರಿ ಒಂದೇ ಜಾರುಗುಂಡಿ. ಅವರು 4 ಒತ್ತಿದರೆ ಧಾರಾವಾಹಿಯ ಅತ್ತೆಯೂ ಪಿಸುಗುಟ್ಟಲು ಶುರು ಮಾಡುತ್ತಾಳೆ, ಅದೂ ಸೊಸೆಗೆ ಬೈಯುವ ಹೊತ್ತಿನಲ್ಲಿ. ಮನೆಯಲ್ಲಿ ಮಾತು ಬಂತಂತೆ.

"ಬ್ರೌಸರ್ ಬೇರೆ ಮಾಡಿಬಿಡಿ ಮೇಷ್ಟ್ರೇ. ಒಬ್ಬೊಬ್ಬರಿಗೆ ಒಂದೊಂದು. ಆಗ ಮಿಕ್ಸರಿಗೆ ಬೇರೆ ಬೇರೆಯಾಗಿ ಕಾಣುತ್ತೆ."

"ಮಾಡಿದೀನಿ. ವೀಣೆ ಫೈರ್‌ಫಾಕ್ಸಿಗೆ ಹೋಯ್ತು, ಕ್ರೋಮು ಧಾರಾವಾಹಿಗೆ ಬಿಟ್ಟೆ. ಶಾರ್ಟ್‌ಕಟ್ಟಲ್ಲಿ ಹೆಸರೂ ಬದಲಾಯಿಸಿದೆ." ಬುಟ್ಟಿ ಎತ್ತಿಕೊಂಡರು. "ಈಗ ಅವಳು, ನನಗೂ ನಾಲ್ಕು ಕೀ ಮಾಡಿಕೊಡಿ ಅಂತಿದಾಳೆ. 5ರಿಂದ 8ರವರೆಗೆ ಅವಳಿಗೆ ಬರೆದುಕೊಟ್ಟೆ. 9 ಖಾಲಿ ಇದೆ. ನಿನಗೇನಾದರೂ ಬೇಕಿದ್ದರೆ ಹೇಳು."